ಇದು ಯಾರ ಪಾಪದ ಫಲ?

ಹುಟ್ಟುಕುರುಡನೊಬ್ಬನನ್ನು ಕಂಡ ಶಿಷ್ಯರು, ಇದು ಯಾರ ಪಾಪದ ಫಲವೆಂದು ಯೇಸುಸ್ವಾಮಿಯನ್ನು ವಿಚಾರಿಸಿದ ಪ್ರಸಂಗ ಸಂತ ಯೊವಾನ್ನರ ಶುಭಸಂದೇಶದ ಒಂಬತ್ತನೆಯ ಅಧ್ಯಾಯದಲ್ಲಿದೆ. ಕಾಯಿಲೆಯ ಮಗುವಿರುವ ಮನೆಗಳಲ್ಲಿ ಆ ಪ್ರಶ್ನೆ ಇಂದಿಗೂ ನಿಂತಿಲ್ಲ. ಹೆಚ್ಚಾಗಿ ಅದು ತಾಯಿಯ ಕಡೆಗೇ ತಿರುಗುತ್ತದೆ.

'ಅಟಾಕ್ಸಿಯ ಟೆಲಾಂಜಿಯೆಕ್ಟೇಸಿಯ' ಎಂಬ ಅಪರೂಪದ ರೋಗವನ್ನೇ ನೋಡೋಣ. ಹುಟ್ಟಿದಾಗ ಆರೋಗ್ಯವಾಗಿಯೇ ಕಾಣುವ ಮಗು ನಡೆಯಲು ಕಲಿಯುವ ಹೊತ್ತಿಗೆ ತೂರಾಡತೊಡಗುತ್ತದೆ. ಕ್ರಮೇಣ ಮಾತು ತೊದಲುತ್ತದೆ. ಹತ್ತು ವರ್ಷದ ಸುಮಾರಿಗೆ ಅನೇಕರಿಗೆ ಗಾಲಿಕುರ್ಚಿ ಬೇಕಾಗುತ್ತದೆ. ಬುದ್ಧಿ ಮಾತ್ರ ಬಹುಮಟ್ಟಿಗೆ ಚುರುಕಾಗಿಯೇ ಇರುತ್ತದೆ.

ಕಾರಣವೇನು? ನಮ್ಮ ಪ್ರತಿಯೊಂದು ಜೀವಕೋಶದ ಡಿ.ಎನ್.ಎ. ದಿನವೂ ಸಾವಿರಾರು ಕಡೆ ಕೆಡುತ್ತದೆ, ದಿನವೂ ದುರಸ್ತಿಯಾಗುತ್ತದೆ. ಈ ದುರಸ್ತಿಯ ಬಗೆಯನ್ನು ತಿಳಿಸಿಕೊಟ್ಟ ಮೂವರು ವಿಜ್ಞಾನಿಗಳಿಗೆ 2015ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು. ಎಳೆ ತುಂಡಾದಾಗ ಎಚ್ಚರಿಸಿ ದುರಸ್ತಿಗೆ ಕರೆಯುವ ಒಂದು ಪ್ರೋಟೀನು ಈ ಮಕ್ಕಳಲ್ಲಿ ಸರಿಯಾಗಿ ತಯಾರಾಗುವುದಿಲ್ಲ. ಕಿರುಮೆದುಳಿನ ನರಕೋಶಗಳು ನಿಧಾನವಾಗಿ ನಶಿಸುತ್ತವೆ. ಇದಕ್ಕೆ ಸಂಬಂಧಿಸಿದ ವಂಶವಾಹಿಯನ್ನು 1995ರಲ್ಲಿ ಗುರುತಿಸಲಾಯಿತು.

ಕೇಡು ತಾನೇ ಒಂದು ವಸ್ತುವಲ್ಲ, ಇರಬೇಕಾದ ಒಳಿತಿನ ಕೊರತೆ ಎಂದು ಸಂತ ಅಗಸ್ಟೀನರು ಬೋಧಿಸಿದರು. ಇಲ್ಲಿ ಆ ಕೊರತೆಯನ್ನು ಹೆಸರಿಟ್ಟು ತೋರಿಸಬಹುದು. ಅದು ಶಾಪವೂ ಅಲ್ಲ, ಶಿಕ್ಷೆಯೂ ಅಲ್ಲ. ತಾಯಿಯೊಬ್ಬಳಿಂದ ಬಂದದ್ದೂ ಅಲ್ಲ. ತಂದೆಯಿಂದ ಬಂದ ಪ್ರತಿ, ತಾಯಿಯಿಂದ ಬಂದ ಪ್ರತಿ, ಎರಡರಲ್ಲೂ ದೋಷವಿದ್ದರೆ ಮಾತ್ರ ರೋಗ. ಇಂಥ ಯಾವುದಾದರೊಂದು ದೋಷವನ್ನು ತಿಳಿಯದೆ ಹೊತ್ತವರೇ ನಮ್ಮಲ್ಲಿ ಬಹುತೇಕ ಎಲ್ಲರೂ. ಹೀಗಿರುವಾಗ ಯಾರು ಯಾರನ್ನು ದೂರಬೇಕು?

ಹಾಗಾದರೆ ಯಾರಿಗೂ ಹೊಣೆಯಿಲ್ಲವೇ? ಪಾಪ ಬೇರೆ, ಹೊಣೆ ಬೇರೆ. ತಿಳಿವು, ಸಮ್ಮತಿ ಇಲ್ಲದೆಡೆ ಪಾಪವಿಲ್ಲ. ತಿಳಿದ ಮೇಲೆ ಹೊಣೆಯುಂಟು. ರಕ್ತಸಂಬಂಧದಲ್ಲಿ ಮದುವೆಯಾದರೆ ಒಂದೇ ದೋಷ ಎರಡೂ ಕಡೆಯಿಂದ ಕೂಡುವ ಸಂಭವ ಹೆಚ್ಚು. ಧರ್ಮಸಭೆಯ ಕಾನೂನು ಸೋದರಮಾವ, ಅತ್ತೆಮಗಳಂಥ ಸಂಬಂಧಗಳನ್ನು ತಡೆಯುತ್ತದೆ. ವಿನಾಯಿತಿ ಕೇಳಲು ಬರುವವರು ಆಸ್ತಿಯ ಮಾತಿಗೆ ಮೊದಲು, ಹುಟ್ಟಲಿರುವ ಮಗುವಿನ ಬಗ್ಗೆ ವೈದ್ಯರನ್ನು ಕೇಳಲಿ. ಆದರೆ ಅಂಥ ಮದುವೆಯಾದವರ ಮಗು ಕಾಯಿಲೆ ಬಿದ್ದಾಗ ಹಂಗಿಸುವ ಹಕ್ಕು ನಮಗಿಲ್ಲ.

ಯೇಸುಸ್ವಾಮಿ ಪಾಪದ ಲೆಕ್ಕ ಹಾಕಲಿಲ್ಲ. ದೇವರ ಕಾರ್ಯ ಅವನಲ್ಲಿ ಪ್ರಕಟವಾಗಬೇಕೆಂದು ಹೇಳಿ, ಮಣ್ಣು ಕಲಸಿ ಕಣ್ಣಿಗೆ ಹಚ್ಚಿದರು. ಈ ರೋಗವನ್ನು ಪೂರ್ತಿ ವಾಸಿಮಾಡುವ ಮದ್ದು ಇನ್ನೂ ಇಲ್ಲ. ಆದರೂ ದೇವಾಲಯದ ಮೆಟ್ಟಿಲ ಪಕ್ಕ ಗಾಲಿಕುರ್ಚಿಗೊಂದು ಇಳಿಜಾರು ಕಟ್ಟಬಹುದು. ತೊದಲು ಮಾತನ್ನು ಕೊನೆಯವರೆಗೂ ಕೇಳಬಹುದು. ತಾಯಿಗೆ ಅರ್ಧ ದಿನದ ಬಿಡುವು ಕೊಡಬಹುದು. ಅಂಥ ಮನೆ ನಿಮ್ಮ ನೆರೆಯಲ್ಲಿದ್ದರೆ ಈ ಭಾನುವಾರ ಬಲಿಪೂಜೆ ಮುಗಿಸಿ ಅಲ್ಲಿಗೆ ಹೋಗಿ ಬನ್ನಿ.