ಮೊಣಕಾಲೂರಿದ ಸೈನಿಕ



ಪ್ರೇಷಿತರ ಕಾರ್ಯಕಲಾಪಗಳ ಹತ್ತನೇ ಅಧ್ಯಾಯದಲ್ಲಿ ಒಬ್ಬ ಸೈನಿಕ ನಮಗೆ ಎದುರಾಗುತ್ತಾನೆ. ಅವನ ಹೆಸರು ಕೊರ್ನೇಲಿಯ. ಕೈಸರೇಯ ಪಟ್ಟಣದಲ್ಲಿದ್ದ ರೋಮನ್ ಪಡೆಯ ಶತಾಧಿಪತಿ. ಅವನು ಗೆದ್ದ ಯುದ್ಧಗಳ ಬಗ್ಗೆ ಸಂತ ಲೂಕರು ಒಂದು ಮಾತನ್ನೂ ಬರೆದಿಲ್ಲ. ಅವರು ನಮಗೆ ತಿಳಿಸುವುದು ಅವನ ಪ್ರಾರ್ಥನೆಯನ್ನು, ಬಡವರಿಗೆ ಅವನು ನೀಡುತ್ತಿದ್ದ ನೆರವನ್ನು, ಅವನೊಂದಿಗೆ ಅವನ ಮನೆಮಂದಿಯೆಲ್ಲ ದೇವರಿಗೆ ಅಂಜಿ ನಡೆಯುತ್ತಿದ್ದುದನ್ನು. ಪೇತ್ರರು ಬರುವ ದಿನ ಅವನು ನೆಂಟರಿಷ್ಟರನ್ನೂ ಮನೆಗೆ ಕರೆಸಿ ಕಾದು ಕುಳಿತಿದ್ದ. ತನಗೆ ದೊರೆಯಲಿದ್ದುದನ್ನು ತಾನೊಬ್ಬನೇ ಇಟ್ಟುಕೊಳ್ಳಲು ಅವನು ಬಯಸಲಿಲ್ಲ.

ಸೈನಿಕ, ಮನೆಯ ಯಜಮಾನ, ಪರರಿಗೆ ನೆರವಾಗುವವ. ಈ ಮೂರೂ ಒಬ್ಬನಲ್ಲೇ ಕೂಡಿ ಬರುವುದು ಸಾಧ್ಯವೇ ಎಂದು ನೀವು ಕೇಳಬಹುದು. ನಮ್ಮ ಕಾಲಕ್ಕೆ ಹತ್ತಿರದ ಒಬ್ಬ ತಂದೆಯನ್ನು ಇಂದು ನೆನೆಯೋಣ.

ಸಂತ ದ್ವಿತೀಯ ಜಾನ್ ಪೌಲರನ್ನು ಅರಿಯದವರು ನಮ್ಮಲ್ಲಿಲ್ಲ. 1986ರ ಫೆಬ್ರವರಿಯಲ್ಲಿ ಅವರು ಮಂಗಳೂರಿಗೆ ಬಂದಾಗ ಕಣ್ಣಾರೆ ಕಂಡವರು ಇಂದಿಗೂ ನಮ್ಮ ನಡುವೆ ಇದ್ದಾರೆ. ಆದರೆ ಆ ಮಗನನ್ನು ರೂಪಿಸಿದ ತಂದೆಯನ್ನು ಬಲ್ಲವರು ಕಡಿಮೆ. ಅವರ ಹೆಸರೂ ಕರೋಲ್ ವೊಯ್ತಿಲಾ ಎಂದೇ. 1879ರಲ್ಲಿ ಒಬ್ಬ ದರ್ಜಿಯ ಮಗನಾಗಿ ಹುಟ್ಟಿದರು. ಪೋಲೆಂಡ್ ಆಗ ಪರರ ಆಳ್ವಿಕೆಯಲ್ಲಿತ್ತು. ಮೊದಲು ಆಸ್ಟ್ರಿಯಾ-ಹಂಗೇರಿಯ ಸೇನೆಯಲ್ಲಿ, 1918ರಲ್ಲಿ ಪೋಲೆಂಡ್ ಸ್ವತಂತ್ರವಾದ ಮೇಲೆ ಸ್ವದೇಶದ ಸೇನೆಯಲ್ಲಿ ಸೇವೆ ಸಲ್ಲಿಸಿದರು. ಯುದ್ಧಭೂಮಿಯಲ್ಲಿ ಹೆಸರು ಮಾಡಿದ ವೀರರಲ್ಲ. ಅವರದು ಹೆಚ್ಚಾಗಿ ಸೇನಾ ಕಚೇರಿಯ ಕೆಲಸ. ನಿವೃತ್ತರಾದ ಮೇಲೆ ವಾದೋವಿತ್ಸೆ ಎಂಬ ಸಣ್ಣ ಊರಿನಲ್ಲಿ, ದೇವಾಲಯದ ಪಕ್ಕದ ಬಾಡಿಗೆ ಮನೆಯಲ್ಲಿ, ಸಣ್ಣ ಪಿಂಚಣಿಯಲ್ಲಿ ಸಂಸಾರ ಸಾಗಿಸಿದರು. ಊರಿನವರು ಅವರನ್ನು 'ಕ್ಯಾಪ್ಟನ್' ಎಂದೇ ಕರೆಯುತ್ತಿದ್ದರು.

1929ರ ಏಪ್ರಿಲ್ 13ರಂದು ಅವರ ಪತ್ನಿ ಎಮಿಲಿಯಾ ತೀರಿಕೊಂಡರು. ಕಿರಿಯ ಮಗನಿಗೆ ಇನ್ನೂ ಒಂಬತ್ತು ತುಂಬಿರಲಿಲ್ಲ. ಹೆಣ್ಣುಮಗುವೊಂದನ್ನು ಆ ದಂಪತಿ ಮೊದಲೇ ಕಳೆದುಕೊಂಡಿದ್ದರು. ಅಂತ್ಯಕ್ರಿಯೆ ಮುಗಿದ ಮೇಲೆ ತಂದೆ ಮಾಡಿದ್ದೇನು? ಗಂಡುಮಕ್ಕಳಿಬ್ಬರನ್ನೂ ಕರೆದುಕೊಂಡು ಕಾಲ್ವಾರಿಯಾದ ಮಾತೆ ಮರಿಯಮ್ಮನವರ ಪುಣ್ಯಕ್ಷೇತ್ರಕ್ಕೆ ಹೋದರು. ಹೆತ್ತ ತಾಯಿಯನ್ನು ಕಳೆದುಕೊಂಡ ಮಕ್ಕಳನ್ನು ಮತ್ತೊಬ್ಬ ತಾಯಿಯ ಮಡಿಲಿಗೆ ಒಪ್ಪಿಸಿದರು. ನಾಲ್ಕು ವರ್ಷ ಕಳೆಯುವುದರೊಳಗೆ ಇನ್ನೊಂದು ಪೆಟ್ಟು ಬಿತ್ತು. ಹಿರಿಯ ಮಗ ಎಡ್ಮಂಡ್ ವೈದ್ಯನಾಗಿದ್ದ. ರೋಗಿಯೊಬ್ಬರ ಶುಶ್ರೂಷೆ ಮಾಡುವಾಗ ಸ್ಕಾರ್ಲೆಟ್ ಜ್ವರ ಅಂಟಿಕೊಂಡು 1932ರ ಡಿಸೆಂಬರಿನಲ್ಲಿ, 26ನೆಯ ವಯಸ್ಸಿನಲ್ಲಿ ಮರಣ ಹೊಂದಿದ. ಪರರ ಜೀವ ಉಳಿಸಲು ಹೋಗಿ ತನ್ನ ಜೀವ ತೆತ್ತ ಆ ಮಗ ಯಾರ ಮನೆಯಲ್ಲಿ ಬೆಳೆದವನೆಂಬುದನ್ನು ಮರೆಯಬೇಡಿ.

ಉಳಿದವರು ಇಬ್ಬರೇ, ತಂದೆ ಮತ್ತು ಮಗ. ಆಜ್ಞೆ ಪಾಲಿಸುವುದಕ್ಕೂ ಆಜ್ಞೆ ಮಾಡುವುದಕ್ಕೂ ಒಗ್ಗಿಹೋಗಿದ್ದ ಆ ಮನುಷ್ಯ ಈಗ ಒಲೆಯ ಮುಂದೆ ನಿಂತರು. ಅಡುಗೆ ಮಾಡಿದರು, ಬಟ್ಟೆ ಒಗೆದರು, ಮಗನಿಗೆ ಪಾಠ ಹೇಳಿದರು, ಜರ್ಮನ್ ಭಾಷೆ ಕಲಿಸಿದರು. ತಮ್ಮ ಹಳೆಯ ಸೇನಾ ಸಮವಸ್ತ್ರಗಳನ್ನು ಕತ್ತರಿಸಿ ಮಗನಿಗೆ ಬಟ್ಟೆ ಹೊಲಿದುಕೊಟ್ಟರು. ಪ್ರಿಯರೇ, ಈ ಮಾತಿನ ಬಳಿ ಒಂದು ಕ್ಷಣ ನಿಲ್ಲಿ. ಆ ಸಮವಸ್ತ್ರ ಅವರ ಗೌರವ, ಅವರ ಅಧಿಕಾರದ ಗುರುತು. ಅದನ್ನು ಪೆಟ್ಟಿಗೆಯಲ್ಲಿಟ್ಟು ನೆಂಟರಿಗೆ ತೋರಿಸಲಿಲ್ಲ. ಮಗುವಿನ ಮೈ ಮುಚ್ಚಲು ಬಳಸಿದರು. ತನ್ನ ಶಿಷ್ಯರ ನಡುವೆ ದೊಡ್ಡವನಾಗಬಯಸುವವನು ಸೇವಕನಾಗಬೇಕೆಂದು ನಮ್ಮ ಪ್ರಭು ಕಲಿಸಿದರಲ್ಲವೇ? ಆ ಬೋಧನೆ ಇಲ್ಲಿ ಸೂಜಿ-ದಾರದಲ್ಲಿ ನೆರವೇರಿತು.

ಆದರೆ ಮಗನ ಮನಸ್ಸಿನಲ್ಲಿ ಅತ್ಯಂತ ಆಳವಾಗಿ ಉಳಿದದ್ದು ಬೇರೊಂದು ನೋಟ. ರಾತ್ರಿ ಎಚ್ಚರವಾದಾಗ ಕೆಲವೊಮ್ಮೆ ತಂದೆ ನೆಲದ ಮೇಲೆ ಮೊಣಕಾಲೂರಿ ಪ್ರಾರ್ಥಿಸುತ್ತಿದ್ದರಂತೆ. ಜಗದ್ಗುರುಗಳಾದ ಮೇಲೆ 1996ರಲ್ಲಿ, ತಮ್ಮ ಯಾಜಕ ದೀಕ್ಷೆಯ ಐವತ್ತನೇ ವರ್ಷದಲ್ಲಿ ಬರೆದ ಪುಸ್ತಕದಲ್ಲಿ ಅವರು ಇದನ್ನು ನೆನಪಿಸಿಕೊಂಡಿದ್ದಾರೆ. ಯಾಜಕನಾಗುವ ಕರೆಯ ಬಗ್ಗೆ ತಂದೆ-ಮಗ ಎಂದೂ ಮಾತಾಡಿಕೊಂಡವರಲ್ಲ. ಆದರೂ ತಂದೆಯ ಬಾಳೇ ತಮಗೆ ಮೊದಲ ಗುರುಮಠವಾಯಿತು ಎಂಬುದು ಅವರ ಸಾಕ್ಷ್ಯ. ಬಾಲಕನಾಗಿದ್ದಾಗ ತಂದೆ ಒಮ್ಮೆ, ನೀನು ಪವಿತ್ರಾತ್ಮರಿಗೆ ಸರಿಯಾಗಿ ಪ್ರಾರ್ಥಿಸುತ್ತಿಲ್ಲ ಎಂದು ತಿದ್ದಿ ಒಂದು ಜಪವನ್ನು ಕಲಿಸಿದರು. ಅದನ್ನು ಮಗ ಮುಪ್ಪಿನವರೆಗೂ ಬಿಡಲಿಲ್ಲ. ಪವಿತ್ರಾತ್ಮರನ್ನು ಕುರಿತು ಅವರು 1986ರಲ್ಲಿ ಇಡೀ ಧರ್ಮಸಭೆಗೆ ವಿಶ್ವಪತ್ರ ಬರೆದರು. ಅದರ ಬೇರು ಆ ಬಾಡಿಗೆ ಮನೆಯಲ್ಲಿತ್ತು.

ಆ ಮನೆಯ ಬಾಗಿಲು ತನ್ನವರಿಗೆ ಮಾತ್ರ ತೆರೆದಿರಲಿಲ್ಲ. ಮಗನ ಯೆಹೂದ್ಯ ಗೆಳೆಯ ಯೆರ್ಜಿ ಕ್ಲೂಗರ್ ಬಂದರೆ ಇಬ್ಬರನ್ನೂ ಕೂರಿಸಿಕೊಂಡು ಕ್ಯಾಪ್ಟನ್ ನಾಡಿನ ಚರಿತ್ರೆಯ ಕಥೆ ಹೇಳುತ್ತಿದ್ದರು. ಯೆಹೂದ್ಯರ ಮೇಲಿನ ದ್ವೇಷ ಬೆಳೆದು ನೆರೆಯ ಯೆಹೂದ್ಯ ಯುವತಿಯೊಬ್ಬಳು ಊರು ಬಿಡಬೇಕಾಗಿ ಬಂದಾಗ, ಆ ಮುದಿ ಸೈನಿಕ ಬಹಳ ನೊಂದುಕೊಂಡರು. ನಾವೆಲ್ಲರೂ ಹಾಗಲ್ಲ ಎಂದು ಅವಳಿಗೆ ಸಮಾಧಾನ ಹೇಳಿದರು. ದೊಡ್ಡ ದಾನ ಕೊಡಲು ಅವರ ಬಳಿ ಹಣವಿರಲಿಲ್ಲ. ಇದ್ದದ್ದು ಸಮಯ, ಕಥೆ, ಒಂದು ಒಳ್ಳೆಯ ಮಾತು. ಅದನ್ನೇ ಕೊಟ್ಟರು. 1986ರ ಏಪ್ರಿಲ್‌ನಲ್ಲಿ ಅವರ ಮಗ ರೋಮಿನ ಯೆಹೂದ್ಯರ ಮಹಾ ಪ್ರಾರ್ಥನಾ ಮಂದಿರಕ್ಕೆ ಹೋಗಿ ಅವರನ್ನು ಸೋದರರೆಂದು ಅಪ್ಪಿಕೊಂಡಾಗ ಜಗತ್ತು ಬೆರಗಾಯಿತು. ಪರಧರ್ಮದ ನೆರೆಯವನನ್ನು ಪ್ರೀತಿಸುವುದನ್ನು ಆ ಮಗ ಮನೆಯಲ್ಲೇ ಕಲಿತಿದ್ದ.

1938ರಲ್ಲಿ ಮಗನ ಓದಿಗಾಗಿ ಇಬ್ಬರೂ ಕ್ರಾಕೋವ್ ನಗರಕ್ಕೆ ಬಂದರು. ಮರುವರ್ಷ ಯುದ್ಧ, ಅದರ ಹಿಂದೆಯೇ ನಾತ್ಸಿ ಆಳ್ವಿಕೆ. ಮಗ ಕಲ್ಲುಗಣಿಯ ಕೂಲಿಯಾದ. 1941ರ ಫೆಬ್ರವರಿ 18ರಂದು ಊಟವನ್ನೂ ಔಷಧವನ್ನೂ ಹಿಡಿದು ಮನೆಗೆ ಬಂದಾಗ ತಂದೆ ಕೊನೆಯುಸಿರೆಳೆದಿದ್ದರು. ಆ ರಾತ್ರಿಯಿಡೀ ಮಗ ತಂದೆಯ ಪಾರ್ಥಿವ ಶರೀರದ ಬಳಿ ಪ್ರಾರ್ಥಿಸುತ್ತಾ ಕಳೆದ. ತಂದೆ ಎಷ್ಟೋ ರಾತ್ರಿ ಮಾಡಿದ್ದನ್ನು ಈಗ ಮಗ ಮಾಡಿದ. ಮುಂದಿನ ವರ್ಷವೇ ಅವನು ಗುಪ್ತವಾಗಿ ನಡೆಯುತ್ತಿದ್ದ ಗುರುಮಠವನ್ನು ಸೇರಿದ. ಎಮಿಲಿಯಾ ಮತ್ತು ಕರೋಲ್ ದಂಪತಿಯನ್ನು ಧನ್ಯರೆಂದು ಸಾರುವ ಪ್ರಕ್ರಿಯೆ 2020ರ ಮೇ 7ರಂದು ವಾದೋವಿತ್ಸೆಯಲ್ಲಿ ಆರಂಭವಾಯಿತು.

ಈಗ, ತಂದೆಯರೇ, ನಿಮ್ಮೊಂದಿಗೆ ಒಂದು ಮಾತು. ಭಾನುವಾರದ ಬಲಿಪೂಜೆಗೆ ಮಡದಿ ಮಕ್ಕಳನ್ನು ಒಳಗೆ ಕಳಿಸಿ ಮರದ ನೆರಳಿನಲ್ಲಿ ನಿಂತು ಮಾತನಾಡುವ ತಂದೆಯರಿದ್ದಾರೆ. ಸಂಜೆ ಜಪಸರ ಹಿಡಿಯುವುದು ಹೆಂಗಸರ ಕೆಲಸ ಎಂದುಕೊಂಡವರಿದ್ದಾರೆ. ಮಗನನ್ನು ಧರ್ಮೋಪದೇಶಕ್ಕೆ ಕಳಿಸುತ್ತಿದ್ದೇನಲ್ಲ, ಇನ್ನೇನು ಬೇಕು ಎನ್ನುವವರೂ ಇದ್ದಾರೆ. ಶಾಲೆಯ ಶುಲ್ಕ ಕಟ್ಟಲು ನೀವು ಬೆವರು ಸುರಿಸುತ್ತೀರಿ, ನಿಜ. ಆ ದುಡಿಮೆ ದೇವರ ಕಣ್ಣಿಗೆ ಬಿದ್ದಿದೆ. ಆದರೆ ನೀವು ಯಾರ ಮುಂದೆ ಮೊಣಕಾಲೂರುತ್ತೀರಿ ಎಂಬುದನ್ನು ನಿಮ್ಮ ಮಗ ಎಂದಾದರೂ ಕಂಡಿದ್ದಾನೆಯೇ? ಮನೆ ಬಾಗಿಲಿಗೆ ಬಂದ ಬಡವನೊಡನೆ, ಬೇರೆ ಜಾತಿಯ ನೆರೆಯವನೊಡನೆ ನೀವು ಹೇಗೆ ಮಾತಾಡುತ್ತೀರಿ ಎಂಬುದನ್ನಂತೂ ಅವನು ದಿನವೂ ಕಾಣುತ್ತಿದ್ದಾನೆ. ಕುಟುಂಬವನ್ನು ಗೃಹ ಧರ್ಮಸಭೆ ಎಂದು ಎರಡನೇ ವ್ಯಾಟಿಕನ್ ಮಹಾಸಭೆ ಕರೆಯಿತು. ಆ ಧರ್ಮಸಭೆಯಲ್ಲಿ ಪ್ರಬೋಧನೆಗಿಂತ ಮೊದಲು ತಂದೆಯ ನಡತೆ ಮಾತಾಡುತ್ತದೆ.

ನನಗೆ ಪ್ರಾರ್ಥನೆ ಮಾಡಲು ಬಾರದು, ಓದು ಬಾರದು ಎನ್ನಬೇಡಿ. ಇಂದು ರಾತ್ರಿ ಊಟಕ್ಕೆ ಮುಂಚೆ ನೀವೇ ಮೊದಲು ಶಿಲುಬೆಯ ಗುರುತು ಮಾಡಿ. ಮಿಕ್ಕದ್ದನ್ನು ಮಕ್ಕಳು ಹೇಳುತ್ತಾರೆ. ತಂದೆಯನ್ನು ಕಳೆದುಕೊಂಡವರೇ, ಅವರ ಫೋಟೋಗೆ ಹಾರ ಹಾಕಿದರೆ ಸಾಲದು. ಅವರ ಆತ್ಮಕ್ಕಾಗಿ ಬಲಿಪೂಜೆ ಅರ್ಪಿಸಿರಿ. ಅವರು ಮಾಡುತ್ತಿದ್ದ ಒಂದು ಉಪಕಾರವನ್ನು ನೀವು ಮುಂದುವರಿಸಿರಿ. ಒಳ್ಳೆಯ ತಂದೆಯನ್ನು ಕಾಣದೆಯೇ ಬೆಳೆದವರೇ, ಪರಲೋಕದ ತಂದೆ ನಿಮ್ಮನ್ನು ಕೈಬಿಟ್ಟಿಲ್ಲ. ನಿಮ್ಮ ಮನೆಯಲ್ಲಿ ಒಳ್ಳೆಯ ತಂದೆ ನಿಮ್ಮಿಂದಲೇ ಆರಂಭವಾಗಲಿ.

ಕೊರ್ನೇಲಿಯನ ಪ್ರಾರ್ಥನೆಯೂ ದಾನವೂ ದೇವರ ಸನ್ನಿಧಿಯಲ್ಲಿ ನೆನಪಾಗಿ ಉಳಿದವು. ನಮ್ಮನ್ನು ಅಗಲಿದ ತಂದೆಯರ ಮರೆಯಾದ ಪ್ರಾರ್ಥನೆಗಳನ್ನೂ ಯಾರೂ ಕಾಣದ ಉಪಕಾರಗಳನ್ನೂ ಅದೇ ದೇವರು ನೆನಪಿನಲ್ಲಿಡಲಿ. ಅವರಿಗೆ ನಿತ್ಯ ವಿಶ್ರಾಂತಿಯನ್ನೂ, ನಮಗೆ ಅವರ ಹಾದಿಯಲ್ಲಿ ನಡೆಯುವ ಬಲವನ್ನೂ ದಯಪಾಲಿಸಲಿ. ಆಮೆನ್.