ತಟ್ಟೆಯ ಹೂವು, ಬರೆದವನ ಕಣ್ಣು

ಕೋಪನ್‌ಹೇಗನ್ನಿನ ರೋಸೆನ್‌ಬೋರ್ಗ್ ಅರಮನೆಯಲ್ಲಿ ‘ಫ್ಲೋರಾ ಡ್ಯಾನಿಕಾ’ ಎಂಬ ಪಿಂಗಾಣಿ ಊಟದ ಸೆಟ್ಟಿನ ತಟ್ಟೆಗಳಿವೆ. ನಾನು ಚಿತ್ರಗಳಲ್ಲಷ್ಟೇ ನೋಡಿದ್ದೇನೆ. ಚಿನ್ನದ ಅಂಚು, ನಡುವೆ ಒಂದು ಕಾಡುಗಿಡ. ಕೆಲವು ಕಡೆ ಬೇರೂ ಉಂಟು. ತಟ್ಟೆಯ ಹಿಂಬದಿಯಲ್ಲಿ ಗಿಡದ ಲ್ಯಾಟಿನ್ ಹೆಸರು.

ಮೊದಲು ಇದು ಪುಸ್ತಕವಾಗಿತ್ತು. ಡೆನ್ಮಾರ್ಕಿನ ಗಿಡಗಳನ್ನು ಜನರಿಗೆ ತಿಳಿಸಲೆಂದು ಸಸ್ಯಶಾಸ್ತ್ರಜ್ಞ ಓಡರ್ 1761ರಲ್ಲಿ ಅದರ ಪ್ರಕಟಣೆ ಆರಂಭಿಸಿದ. 1790ರಿಂದ ಆ ಚಿತ್ರಗಳು ರಾಜರ ಊಟದ ತಟ್ಟೆಗಿಳಿದವು. ರಷ್ಯಾದ ಕ್ಯಾಥರೀನಳಿಗೆ ಉಡುಗೊರೆ ಕೊಡಲು ಮಾಡಿಸಿದ್ದೆಂಬ ಮಾತಿದೆ. 1796ರಲ್ಲಿ ಅವಳು ತೀರಿಕೊಂಡರೂ ಕೆಲಸ ನಿಲ್ಲಲಿಲ್ಲ. 1802ರ ಹೊತ್ತಿಗೆ ಸುಮಾರು 1,800 ಪಾತ್ರೆಗಳಾದವು. ಬಹುತೇಕ ಎಲ್ಲದರ ಮೇಲೂ ಬರೆದವನು ಒಬ್ಬನೇ: ಯೋಹಾನ್ ಕ್ರಿಸ್ಟೋಫ್ ಬಾಯರ್. ಆ ಸೂಕ್ಷ್ಮ ಕೆಲಸದಲ್ಲಿ ಅವನ ದೃಷ್ಟಿ ಹಾಳಾಯಿತು.

ಇದು ತಿಳಿದ ಮೇಲೆ ಆ ಹೂವನ್ನು ಹೇಗೆ ನೋಡಬೇಕು?

ನೋಡಲೇಬಾರದು ಎಂದು ಮೊದಲು ಅನ್ನಿಸಿತು. ಒಬ್ಬನ ಕಣ್ಣು ತಿಂದ ಚೆಲುವಿಗೆ ತಲೆದೂಗುವುದು ಹೇಗೆ? ಆದರೆ ನಾವು ಮುಖ ತಿರುಗಿಸಿದರೆ ಬಾಯರನಿಗೆ ಸಿಗುವುದೇನು? ಅವನು ಒಂದೊಂದು ಎಳೆಬೇರನ್ನೂ ಗಮನಿಸಿದವನು. ಅವನನ್ನು ಬರೀ ಬಲಿಪಶು ಎಂದರೆ ಆ ಗಮನವನ್ನೂ ಅಳಿಸಿದಂತೆ.

ಹಾಗಾದರೆ ‘ಕಲೆಗಾಗಿ ತ್ಯಾಗ’ ಎನ್ನೋಣವೇ? ಈ ಮಾತು ನನಗೆ ಇನ್ನೂ ಅನುಮಾನದ್ದು. ತ್ಯಾಗ ಎನ್ನಬೇಕಾದರೆ ಬೇಡ ಎನ್ನುವ ಸ್ವಾತಂತ್ರ್ಯವೂ ಇರಬೇಕು. ಕಾರ್ಖಾನೆ ರಾಜಮನೆತನದ್ದು, ಬೇಡಿಕೆಯೂ ಅದರದ್ದೇ. ಕೆಲಸ ಯಾವಾಗ ಸಾಕು ಎನ್ನುವ ಅಧಿಕಾರ ಕುಂಚ ಹಿಡಿದವನಿಗಿರಲಿಲ್ಲ. ಏನನ್ನೂ ಕಳೆದುಕೊಳ್ಳದವರು ಕಳೆದುಕೊಂಡವನ ಮೇಲೆ ಹೊರಿಸುವ ಬಿರುದು ‘ತ್ಯಾಗಿ’. ಬಿರುದು ಕೊಟ್ಟರೆ ಸಾಲ ತೀರಿದಂತೆ ಅನ್ನಿಸುತ್ತದೆ, ತೀರುವುದಿಲ್ಲ.

ನನಗೆ ತೋಚುವುದು ಇಷ್ಟು: ಚೆಲುವನ್ನೂ ಒಪ್ಪಬೇಕು, ಬೆಲೆಯನ್ನೂ ಹೇಳಬೇಕು, ಒಂದರಿಂದ ಇನ್ನೊಂದನ್ನು ಸಮರ್ಥಿಸಬಾರದು. ತಟ್ಟೆ ಚೆನ್ನಾಗಿದೆ ಎಂಬ ಕಾರಣಕ್ಕೆ ಕಣ್ಣು ಹೋದದ್ದು ಸರಿಯಾಗದು. ಕಣ್ಣು ಹೋಯಿತೆಂದು ತಟ್ಟೆ ಕುರೂಪವೂ ಆಗದು. ಬಾಯರನಿಗೆ ನಾವೀಗ ಏನನ್ನೂ ಹಿಂದಿರುಗಿಸಲಾರೆವು. ಇಂದು ನಮಗಾಗಿ ನೇಯುವವರು, ಹೊಲಿಯುವವರು, ಅಕ್ಷರ ತಿದ್ದುವವರು ‘ಇವತ್ತಿಗೆ ಸಾಕು’ ಎಂದರೆ ಅವರ ಮಾತು ನಡೆಯುತ್ತದೆಯೇ ಎಂದು ಮಾತ್ರ ಕೇಳಬಲ್ಲೆವು.

ಊಟಕ್ಕೆ ಬಡಿಸಿದರೆ ಹೂವು ಅನ್ನದಡಿ ಮರೆಯಾಗುತ್ತದೆ. ಉಂಡವರು ತಟ್ಟೆ ಖಾಲಿಯಾದ ಮೇಲಾದರೂ ಬಗ್ಗಿ ನೋಡಿದ್ದರೇ? ನಾವಾದರೂ ನೋಡೋಣ.