ಎಲೆಯಾಟದ ಎಲೆಗಳೂ ನಾಳಿನ ಚಿಂತೆಯೂ

ನಾಳೆ ಏನಾಗುವುದೆಂಬುದನ್ನು ಇಂದೇ ಅರಿಯಬೇಕೆಂಬ ಹಂಬಲ ಮನುಷ್ಯನಷ್ಟೇ ಹಳೆಯದು. ಹಲ್ಲಿಯ ಲೊಚಗುಟ್ಟುವಿಕೆ, ಹಕ್ಕಿಯ ಹಾರಾಟ, ಅಂಗೈಯ ಗೆರೆ, ಆಕಾಶದ ಗ್ರಹ, ಕೊರವಂಜಿಯ ಕಣಿ, ಇವೆಲ್ಲವನ್ನೂ ಆತನು ಈ ಹಂಬಲದ ಊಳಿಗಕ್ಕೆ ಹಚ್ಚಿದ್ದಾನೆ. ಈಗ ನಮ್ಮ ನಗರಗಳಲ್ಲಿ ಈ ಸಾಲಿಗೆ ಮತ್ತೊಂದು ಸೇರಿದೆ. ಅದು ಟ್ಯಾರೋ ಎಂಬ ಹೆಸರಿನ, ಯುರೋಪಿನಿಂದ ಬಂದ ಚಿತ್ರದ ಎಲೆಗಳ ಕಟ್ಟು. ಪಂಚಾಂಗವನ್ನು ಕಂಡು ನಗುವ ವಿದ್ಯಾವಂತ ತರುಣ ತರುಣಿಯರು ಸಹ ಮೊಬೈಲಿನ ತೆರೆಯ ಮೇಲೆ ಈ ಎಲೆಗಳನ್ನು ತೆಗೆಯಿಸಿ ಉದ್ಯೋಗದ, ವಿವಾಹದ ವಿಷಯವಾಗಿ ಅಪ್ಪಣೆ ಕೇಳುತ್ತಿದ್ದಾರೆ. ಇಷ್ಟಲಿಂಗವನ್ನು ಧರಿಸಿದವರು ಇದನ್ನು ಕೇಳಬಹುದೇ ಎಂದು ಭಕ್ತರಲ್ಲಿ ಕೆಲವರು ವಿಚಾರಿಸುವುದುಂಟು. ಕೇಳಬಾರದೆಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸಬಹುದು. ಆದರೆ ಕಾರಣವನ್ನರಿಯದೆ ಬಿಟ್ಟ ವಸ್ತು ಬೇರೊಂದು ವೇಷದಲ್ಲಿ ಮರಳಿ ಬರುತ್ತದೆ. ಆದುದರಿಂದ ಈ ಎಲೆಗಳು ಎಲ್ಲಿಂದ ಬಂದವು, ಏತಕ್ಕಾಗಿ ಹುಟ್ಟಿದವು ಎಂಬುದನ್ನು ಮೊದಲು ನೋಡುವುದು ಒಳ್ಳೆಯದು. ಉತ್ತರದ ಅರ್ಧಭಾಗ ಅಲ್ಲಿಯೇ ಇದೆ.

ಇಸ್ಪೀಟೆಲೆಗಳು ಯುರೋಪನ್ನು ಮುಟ್ಟಿದುದು ಹದಿನಾಲ್ಕನೆಯ ಶತಮಾನದ ಉತ್ತರಾರ್ಧದಲ್ಲಿ, ಮಾಮಲೂಕ ಸುಲ್ತಾನರು ಆಳುತ್ತಿದ್ದ ಈಜಿಪ್ಟಿನ ಕಡೆಯಿಂದ. 1377ರ ಹೊತ್ತಿಗೆ ಫ್ಲಾರೆನ್ಸ್ ನಗರದ ಆಡಳಿತವು ಈ ಹೊಸ ಆಟಕ್ಕೆ ಕಟ್ಟುಪಾಡು ವಿಧಿಸಬೇಕಾಯಿತು. ಅದು ಎಷ್ಟು ಬೇಗ ಹರಡಿತೆಂಬುದನ್ನು ಇದರಿಂದಲೇ ಊಹಿಸಬಹುದು. ಬಟ್ಟಲು, ನಾಣ್ಯ, ಖಡ್ಗ, ದಂಡ ಎಂಬ ನಾಲ್ಕು ಪಂಗಡಗಳ ಈ ಎಲೆಗಳಿಗೆ, 1440ರ ಸುಮಾರಿಗೆ, ಉತ್ತರ ಇಟಲಿಯ ಆಸ್ಥಾನಗಳಲ್ಲಿ ಹೊಸದೊಂದು ಪಂಗಡ ಕೂಡಿಕೊಂಡಿತು. ಚಕ್ರವರ್ತಿ, ಪೋಪ್, ಪ್ರೇಮ, ಭಾಗ್ಯಚಕ್ರ, ವೃದ್ಧ, ಮೃತ್ಯು, ಚಂದ್ರ, ಸೂರ್ಯ, ಲೋಕ ಮೊದಲಾದ 21 ಚಿತ್ರಗಳು, ಅವುಗಳೊಡನೆ ಒಬ್ಬ ಹುಚ್ಚ. ಈ ಚಿತ್ರಗಳು ನಮ್ಮಲ್ಲಿ ಇಸ್ಪೀಟಾಡುವವರು ಹೇಳುವ ತುರುಫಿನ ಎಲೆಗಳು. ಮಿಕ್ಕ ನಾಲ್ಕು ಪಂಗಡಗಳ 56 ಎಲೆಗಳಲ್ಲಿ ಯಾವುದನ್ನಾದರೂ ಹೊಡೆಯಬಲ್ಲವು. ಹೀಗೆ 78 ಎಲೆಗಳ ಕಟ್ಟಾಯಿತು. ಫೆರಾರ ನಗರದ ಎಸ್ತೆ ಮನೆತನದ 1442ರ ಲೆಕ್ಕಪತ್ರದಲ್ಲಿ ಇಂತಹ ಕಟ್ಟುಗಳ ಪ್ರಸ್ತಾಪವಿದೆ. ಆಗ ಇವುಗಳನ್ನು ‘ವಿಜಯಗಳು’ ಎಂಬರ್ಥದ ‘ತ್ರಿಯೊಂಫಿ’ ಎಂಬ ಹೆಸರಿನಿಂದ ಕರೆಯುತ್ತಿದ್ದರು. ‘ತಾರೋಕ್ಕಿ’ ಎಂಬ ಹೆಸರು ಕಾಣುವುದು 1505ರಲ್ಲಿ.

ಆಟದ ಕ್ರಮದಲ್ಲಿಯೇ ಒಂದು ಚಿಂತನೆ ಅಡಗಿತ್ತು. ಚಕ್ರವರ್ತಿಯನ್ನು ಪೋಪ್ ಹೊಡೆಯುತ್ತಾನೆ, ಇಬ್ಬರನ್ನೂ ಮೃತ್ಯು ಹೊಡೆಯುತ್ತದೆ, ಮೃತ್ಯುವಿಗಿಂತಲೂ ಮೇಲೆ ಸೂರ್ಯಚಂದ್ರರು, ಅವರಿಗೂ ಮೇಲೆ ಅಂತಿಮ ತೀರ್ಪು ಮತ್ತು ಲೋಕ. ಪ್ರೇಮವನ್ನು ಶೀಲವೂ ಶೀಲವನ್ನು ಮೃತ್ಯುವೂ ಮೃತ್ಯುವನ್ನು ಕೀರ್ತಿಯೂ ಗೆಲ್ಲುತ್ತ ಹೋಗುವ ಪೆಟ್ರಾರ್ಕ್ ಕವಿಯ ‘ವಿಜಯಗಳು’ ಎಂಬ ಕಾವ್ಯಕ್ಕೂ ಇದಕ್ಕೂ ನಂಟಿರಬೇಕೆಂದು ಕೆಲವು ವಿದ್ವಾಂಸರು ಭಾವಿಸಿದ್ದಾರೆ. ಇರಲಿ. ಆಡುವವನು ಇದನ್ನೆಲ್ಲ ಧ್ಯಾನಿಸುತ್ತ ಕುಳಿತಿರಲಿಲ್ಲ. ಕೈಯಲ್ಲಿದ್ದ ಮೃತ್ಯುವಿನಿಂದ ಎದುರಾಳಿಯ ರಾಜನನ್ನು ಹೊಡೆದು ಸಂತೋಷಪಡುತ್ತಿದ್ದನು.

ಇಲ್ಲಿ ವಾಚಕರು ಗಮನಿಸಬೇಕಾದ ಒಂದು ಸಂಗತಿಯುಂಟು. ಮಿಲಾನಿನ ದೊರೆ ಫಿಲಿಪ್ಪೊ ಮರಿಯ ವಿಸ್ಕೊಂತಿ ಜೋಯಿಸರ ಮಾತಿಗೆ ಬಹಳವಾಗಿ ಕಟ್ಟುಬಿದ್ದವನು. ಆತನ ಚರಿತ್ರೆಯನ್ನು ಬರೆದ ದೆಚೆಂಬ್ರಿಯೊ ಎಂಬ ವಿದ್ವಾಂಸನು ಇದನ್ನು ಹೇಳುತ್ತಾನೆ. ಅದೇ ಗ್ರಂಥದಲ್ಲಿ ಆ ದೊರೆಗೆ ಚಿತ್ರದ ಎಲೆಗಳಲ್ಲಿ ಎಷ್ಟು ಆಸಕ್ತಿಯಿತ್ತೆಂಬುದನ್ನೂ, ಒಂದು ಕಟ್ಟಿಗೆ 1500 ಚಿನ್ನದ ನಾಣ್ಯಗಳನ್ನು ಕೊಟ್ಟನೆಂಬುದನ್ನೂ ಹೇಳುತ್ತಾನೆ. ಆತನ ಅಳಿಯ ಫ್ರಾಂಚೆಸ್ಕೊ ಸ್ಫೋರ್ಜನ ಕಾಲದಲ್ಲಿ ಚಿನ್ನದ ರೇಕಿನ ಮೇಲೆ ಬರೆದ ಕಟ್ಟು ಇಂದಿಗೂ ಉಳಿದಿದೆ. ಬೊನಿಫಾಚೊ ಬೆಂಬೊ ಎಂಬ ಚಿತ್ರಕಾರನದೆಂದು ಹೇಳಲಾಗುವ ಅದರ 74 ಎಲೆಗಳು ನ್ಯೂಯಾರ್ಕಿನ ಮೋರ್ಗನ್ ಗ್ರಂಥಾಲಯ, ಬೆರ್ಗಾಮೊದ ಕರ್ರಾರ ಕಲಾಶಾಲೆ ಹಾಗೂ ಕೊಲ್ಲೆಯೊನಿ ಮನೆತನ ಇವುಗಳಲ್ಲಿ ಹಂಚಿಹೋಗಿವೆ. ನಕ್ಷತ್ರಗಳ ಅನುಮತಿಯನ್ನು ಬೇಡುತ್ತಿದ್ದ ದೊರೆಯ ಆಸ್ಥಾನ ಅದು. ಅಂತಹ ಆಸ್ಥಾನದಲ್ಲಿಯೂ ಎಲೆಗಳನ್ನು ಮುಂದಿಟ್ಟುಕೊಂಡು ಭವಿಷ್ಯ ಕೇಳಿದ ಸುಳಿವು ದೊರೆಯುವುದಿಲ್ಲ. ಅವರ ಪಾಲಿಗೆ ಅದು ಆಟ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ದೇವತಾಮೂರ್ತಿಗಳನ್ನು ಬರೆಯಿಸಿ ಗಂಜೀಫದ ಬಗೆಬಗೆಯ ಕಟ್ಟುಗಳನ್ನು ಕಲ್ಪಿಸಿದುದನ್ನು ಬಲ್ಲವರಿಗೆ ಇದರಲ್ಲಿ ಆಶ್ಚರ್ಯ ತೋರದು. ದೇವರ ಚಿತ್ರವಿದ್ದ ಮಾತ್ರಕ್ಕೆ ಎಲೆಯು ದೈವವಾಣಿಯಾಗುವುದಿಲ್ಲ.

ಆಟವನ್ನು ಹಳಿದವರು ಆಗಲೂ ಇದ್ದರು. ಇಟಲಿಯ ಕ್ರೈಸ್ತ ಸನ್ಯಾಸಿಯೊಬ್ಬನ ಪುರಾತನ ಪ್ರವಚನದ ಹಸ್ತಪ್ರತಿಯಲ್ಲಿ ಈ ತುರುಫುಗಳ ಹೆಸರುಗಳೆಲ್ಲ ಸಾಲಾಗಿ ಬರುತ್ತವೆ. 21 ಎಲೆಗಳು ನರಕಕ್ಕಿಳಿಯುವ ಏಣಿಯ 21 ಮೆಟ್ಟಿಲುಗಳೆಂದು ಆತನು ಕಿಡಿಕಾರುತ್ತಾನೆ. ಆದರೆ ಆತನ ಕೋಪಕ್ಕೆ ಕಾರಣ ಜೂಜು. ಪೋಪನನ್ನೂ ದೇವರನ್ನೂ ಜೂಜಿನ ಹಲಗೆಗೆ ಎಳೆದುದು. ಈ ಎಲೆಗಳಿಂದ ಕಣಿ ಹೇಳುತ್ತಾರೆಂಬ ಆಪಾದನೆಯನ್ನು ಆತನು ಮಾಡುವುದಿಲ್ಲ. ಅಂತಹ ವಾಡಿಕೆಯಿದ್ದಿದ್ದರೆ ಆತನ ನಾಲಗೆ ಸುಮ್ಮನಿರುತ್ತಿರಲಿಲ್ಲ.

ಮೂರು ಶತಮಾನಗಳಿಗೂ ಮಿಕ್ಕಿ ಹೀಗೆಯೇ ನಡೆಯಿತು. ಹದಿನೆಂಟನೆಯ ಶತಮಾನದ ನಡುವೆ ಬೊಲೋನ್ಯದಲ್ಲಿ ಎಲೆಗಳಿಗೆ ಶಕುನದ ಅರ್ಥ ಹಚ್ಚಿ ಬರೆದಿಟ್ಟ ಒಂದು ಹಾಳೆ ದೊರೆತಿದೆ, ಅಷ್ಟೆ. ಇದನ್ನು ಮಹಾಶಾಸ್ತ್ರವನ್ನಾಗಿ ಮಾಡಿದವನು ಪ್ಯಾರಿಸಿನ ವಿದ್ವಾಂಸ ಕೂರ್ ದ ಜೆಬ್ಲೆಂ. ಪ್ಯಾರಿಸಿನಲ್ಲಿ ಆಗ ಈ ಆಟ ಮರೆತುಹೋಗಿತ್ತು. ಪರಿಚಿತ ಮಹಿಳೆಯೊಬ್ಬಳ ಮನೆಯಲ್ಲಿ ಅಕಸ್ಮಾತ್ತಾಗಿ ಈ ಚಿತ್ರಗಳನ್ನು ಕಂಡ ಆತನಿಗೆ ಅವು ಈಜಿಪ್ಟಿನ ಪುರಾತನ ಪೂಜಾರಿಗಳ ಗೂಢಗ್ರಂಥವೆಂದು ತೋರಿತು. ಕಾಲುಗಂಟೆಯೊಳಗೆ ತಾನು ಎಲ್ಲವನ್ನೂ ಬಿಡಿಸಿದೆನೆಂದು ಆತನೇ ಹೆಮ್ಮೆಪಟ್ಟುಕೊಂಡಿದ್ದಾನೆ. 1781ರಲ್ಲಿ ತನ್ನ ದೊಡ್ಡ ಗ್ರಂಥದ ಎಂಟನೆಯ ಸಂಪುಟದಲ್ಲಿ ಇದನ್ನು ಅಚ್ಚುಹಾಕಿಸಿದನು. ಆ ಕಾಲದಲ್ಲಿ ಈಜಿಪ್ಟಿನ ಚಿತ್ರಲಿಪಿಯನ್ನು ಓದಬಲ್ಲವರು ಭೂಮಿಯ ಮೇಲೆ ಒಬ್ಬರೂ ಇರಲಿಲ್ಲ! ಷಾಂಪೋಲಿಯೋ ಆ ಲಿಪಿಯ ಗಂಟನ್ನು ಬಿಡಿಸಿದುದು 1822ರಲ್ಲಿ. ಆಮೇಲೆ ಓದಿದ ಯಾವ ಗೋಡೆಯಲ್ಲಿಯೂ ಯಾವ ಸುರುಳಿಯಲ್ಲಿಯೂ ಈ ಎಲೆಗಳ ಮಾತಿಲ್ಲ. ಆದರೇನು? ಕಥೆಯು ಕಾಲು ಮೂಡಿಸಿಕೊಂಡು ಹೊರಟಾಗಿತ್ತು. ಅಲ್ಯೆತ್ ಎಂಬ ತನ್ನ ಹೆಸರನ್ನು ತಿರುಗುಮುರುಗಾಗಿಸಿ ಎತೆಯ್ಯ ಎಂದು ಕರೆದುಕೊಂಡವನೊಬ್ಬನು 1789ರಲ್ಲಿ ಕಣಿಗೆಂದೇ ಕಟ್ಟನ್ನು ಮುದ್ರಿಸಿದನು. 1850ರ ದಶಕದಲ್ಲಿ ಎಲಿಫಾಸ್ ಲೆವಿ ಎಂಬಾತನು 22 ಎಲೆಗಳನ್ನು ಹೀಬ್ರೂ ವರ್ಣಮಾಲೆಯ 22 ಅಕ್ಷರಗಳಿಗೆ ಗಂಟುಹಾಕಿದನು.

ಹುಟ್ಟು ಯಾವುದಾದರೇನು, ಫಲ ಒಳ್ಳೆಯದಾದರೆ ಸಾಲದೇ ಎಂದು ಕೇಳುವವರಿದ್ದಾರೆ. ಈ ಪ್ರಶ್ನೆಯನ್ನು ಹಗುರವಾಗಿ ಕಾಣಲಾಗದು. ಕುಲವನ್ನು ಕೇಳದೆ ನಡತೆಯನ್ನು ನೋಡೆಂದ ಪರಂಪರೆಯವರು ನಾವು. ವಸ್ತುವಿನ ಹುಟ್ಟನ್ನೇ ಹಿಡಿದು ಹೀಗಳೆಯುವುದು ನಮಗೆ ತರವಲ್ಲ. ಆದರೆ ಇಲ್ಲಿ ತನ್ನ ಕುಲವನ್ನು ಹೇಳಿಕೊಂಡು ಬಂದುದು ಆ ವಸ್ತುವೇ. ಸಾವಿರಾರು ವರ್ಷಗಳ ಗೂಢವಿದ್ಯೆ ಎಂಬ ಬಿರುದನ್ನು ಕಂಡು ಮನುಷ್ಯನು ತಲೆಬಾಗುತ್ತಾನೆ. ಆ ಬಿರುದು ಪೊಳ್ಳೆಂದು ತಿಳಿದ ಮೇಲೆಯೂ ಅದೇ ಗೌರವವನ್ನು ಬೇಡುವುದು ನ್ಯಾಯವಲ್ಲ.

ಇಂದು ಲೋಕವೆಲ್ಲ ಬಲ್ಲ ಚಿತ್ರಗಳು ಬಂದುದು 1909ರಲ್ಲಿ. ಲಂಡನ್ನಿನ ರೈಡರ್ ಎಂಬ ಪ್ರಕಾಶಕರಿಗಾಗಿ ಎ. ಇ. ವೇಟ್ ಎಂಬ ವಿದ್ವಾಂಸನು ಯೋಜನೆ ಹಾಕಿದನು; ಪಮೇಲಾ ಕೋಲ್ಮನ್ ಸ್ಮಿತ್ ಎಂಬ ಕಲಾವಿದೆ ಕೆಲವೇ ತಿಂಗಳುಗಳಲ್ಲಿ ಅಷ್ಟೂ ಎಲೆಗಳನ್ನು ಬರೆದುಕೊಟ್ಟಳು. ಮೂರು ಬಟ್ಟಲು, ಐದು ದಂಡ ಎಂದು ಬರಿಯ ಎಣಿಕೆಯ ಗುರುತಾಗಿದ್ದ ಎಲೆಗಳಲ್ಲಿ ಆಕೆ ನೆಲ, ಮನೆ, ದುಃಖ, ಹಬ್ಬಗಳನ್ನು ತುಂಬಿದಳು. ಸಾಮಾನ್ಯ ಮನುಷ್ಯನಿಗೆ ಆ ಎಲೆಗಳು ಮಾತನಾಡತೊಡಗಿದುದು ಆಕೆಯ ಕೈಯಿಂದ. ಬಹಳ ದುಡಿಮೆಗೆ ಅತಿ ಕಡಿಮೆ ಹಣ ದೊರೆಯಿತೆಂಬ ಅರ್ಥ ಬರುವಂತೆ ಆಕೆ ಆ ವರ್ಷವೇ ಸ್ನೇಹಿತ ಸ್ಟೀಗ್ಲಿಟ್ಸ್‌ನಿಗೆ ಪತ್ರ ಬರೆದಿದ್ದಾಳೆ. ಮಾರಾಟದಲ್ಲಿ ಆಕೆಗೆ ಪಾಲಿರಲಿಲ್ಲ. ಆ ಕಟ್ಟು ಪ್ರಕಾಶಕನ ಹೆಸರಿನಿಂದಲೂ ಯೋಜಕನ ಹೆಸರಿನಿಂದಲೂ ಪ್ರಸಿದ್ಧವಾಯಿತು. 1951ರಲ್ಲಿ ಕಾರ್ನ್‌ವಾಲಿನ ಬ್ಯೂಡ್ ಎಂಬ ಊರಿನಲ್ಲಿ ಆಕೆ ಸಾಲಗಾರ್ತಿಯಾಗಿ ತೀರಿಕೊಂಡಳು. ಪ್ರತಿಯೊಂದು ಎಲೆಯ ಮೂಲೆಯಲ್ಲಿ ಆಕೆಯ ಪುಟ್ಟ ಅಂಕಿತವಿದೆ. ಆ ಎಲೆಗಳಿಂದ ತಮ್ಮ ಭಾಗ್ಯವನ್ನು ಕೇಳುವ ಲಕ್ಷಾಂತರ ಜನರಲ್ಲಿ ಆ ಅಂಕಿತವನ್ನು ಗುರುತಿಸುವವರು ಎಷ್ಟು ಮಂದಿಯೋ! ಕಾಯಕವೇ ಕಣ್ಣಮುಂದಿರುವಾಗ ಅದನ್ನು ಬಿಟ್ಟು ಗೂಢವನ್ನು ಅರಸುವ ಈ ಕುರುಡುತನವು ಶರಣಮಾರ್ಗದವರಿಗೆ ವಿಶೇಷವಾಗಿ ನೋವು ತರಬೇಕಾದುದು.

ಸಾಹಿತಿಗಳೂ ಈ ಎಲೆಗಳನ್ನು ಬಿಡಲಿಲ್ಲ. ಟಿ. ಎಸ್. ಎಲಿಯಟ್ ಕವಿಯ 1922ರ ‘ದಿ ವೇಸ್ಟ್ ಲ್ಯಾಂಡ್’ ಕಾವ್ಯದಲ್ಲಿ ನೆಗಡಿ ಹಿಡಿದ ಕಣಿಗಾರ್ತಿಯೊಬ್ಬಳು ಬರುತ್ತಾಳೆ. ಕಟ್ಟಿನಲ್ಲಿಲ್ಲದ ಎಲೆಗಳನ್ನೂ ಕವಿ ಆಕೆಯ ಕೈಗೆ ಕೊಟ್ಟಿದ್ದಾನೆ. ಆ ಕಟ್ಟಿನ ನಿಖರವಾದ ರಚನೆ ತನಗೆ ಪರಿಚಿತವಲ್ಲವೆಂದು ಟಿಪ್ಪಣಿಯಲ್ಲಿ ಒಪ್ಪಿಕೊಂಡೂ ಇದ್ದಾನೆ. ಆಕೆ ಹೇಳುವುದೆಲ್ಲ ಮುಂದೆ ಏನಾದೀತೆಂಬುದು, ಯಾವುದಕ್ಕೆ ಅಂಜಬೇಕೆಂಬುದು. ಅದೇ ಕಾವ್ಯದ ಕೊನೆಯಲ್ಲಿ ಗುಡುಗು ಮಾತನಾಡುತ್ತದೆ. ಬೃಹದಾರಣ್ಯಕ ಉಪನಿಷತ್ತಿನಿಂದ ಬಂದ ಗುಡುಗು ಅದು. ಅದು ನಾಳಿನ ಸುದ್ದಿಯನ್ನು ಹೇಳುವುದಿಲ್ಲ; ದಾನ, ದಯೆ, ದಮ ಎಂದು ಮೂರು ಕೆಲಸಗಳನ್ನು ಹೇಳುತ್ತದೆ. ಏನಾಗುವುದೆಂಬ ಪ್ರಶ್ನೆಗೆ ಏನು ಮಾಡಬೇಕೆಂಬ ಉತ್ತರ! ಅಷ್ಟು ದೂರದ ದೇಶದ ಕವಿಯೊಬ್ಬನು ಇವೆರಡನ್ನೂ ಒಂದೇ ಕಾವ್ಯದ ಎರಡು ತುದಿಗಳಲ್ಲಿ ನಿಲ್ಲಿಸಿದುದು ನನಗಂತೂ ಬಹು ಅರ್ಥವತ್ತಾಗಿ ಕಾಣುತ್ತದೆ.

ಇಟಲಿಯ ಕಾದಂಬರಿಕಾರ ಇತಾಲೊ ಕಾಲ್ವಿನೊ 1973ರ ಕೃತಿಯೊಂದರಲ್ಲಿ ಬೇರೆಯ ದಾರಿ ಹಿಡಿದಿದ್ದಾನೆ. ಕಾಡನ್ನು ದಾಟಿ ಬಂದ ಪ್ರಯಾಣಿಕರೆಲ್ಲರ ಮಾತೂ ಅಡಗಿಹೋಗಿದೆ. ಮೇಜಿನ ಮೇಲಿದ್ದ ಈ ಎಲೆಗಳನ್ನು ಒಂದೊಂದಾಗಿ ಜೋಡಿಸಿ ಅವರು ತಮ್ಮ ತಮ್ಮ ಕಥೆಗಳನ್ನು ಹೇಳಿಕೊಳ್ಳುತ್ತಾರೆ. ಒಬ್ಬನ ಕಥೆಯ ಎಲೆಗಳೇ ತಿರುಗಿ ಓದಿದಾಗ ಇನ್ನೊಬ್ಬನ ಕಥೆಯಾಗುತ್ತವೆ. ಇಲ್ಲಿ ಎಲೆಗಳು ನಡೆದುಹೋದುದನ್ನು ಹೇಳುವ ಭಾಷೆ. ಇಂದಿನ ಟ್ಯಾರೋ ಸಮರ್ಥಕರಲ್ಲಿ ವಿಚಾರವಂತರು ಹೇಳುವುದೂ ಇದನ್ನೇ: ನಾವು ಭವಿಷ್ಯ ಹೇಳುವುದಿಲ್ಲ, ಮನಸ್ಸಿಗೊಂದು ಕನ್ನಡಿ ಹಿಡಿಯುತ್ತೇವೆ.

ಕನ್ನಡಿಯೆಂಬ ಮಾತು ಚೆಲುವಾಗಿದೆ. ಆದರೆ ಅಮೆರಿಕದ ಮನಃಶಾಸ್ತ್ರಜ್ಞ ಬರ್ಟ್ರಂ ಫೋರರ್ 1948ರಲ್ಲಿ ಮಾಡಿದ ಪ್ರಯೋಗವನ್ನು ಇಲ್ಲಿ ನೆನೆಯಬೇಕು. ಆತನು 39 ಮಂದಿ ವಿದ್ಯಾರ್ಥಿಗಳಿಗೆ ಅವರವರ ಸ್ವಭಾವದ ವಿವರಣೆಯೆಂದು ಒಂದೊಂದು ಹಾಳೆ ಕೊಟ್ಟನು. ನಿಜವಾಗಿ ಎಲ್ಲ ಹಾಳೆಗಳಲ್ಲಿಯೂ ಇದ್ದುದು ಒಂದೇ ಬರಹ, ಬಹುಮಟ್ಟಿಗೆ ಅಂಗಡಿಯಲ್ಲಿ ದೊರೆಯುವ ಜ್ಯೋತಿಷ್ಯದ ಪುಸ್ತಕದಿಂದ ತೆಗೆದುದು. ಅದು ತಮಗೆ ಎಷ್ಟು ಒಪ್ಪುತ್ತದೆಂದು ವಿದ್ಯಾರ್ಥಿಗಳು ಕೊಟ್ಟ ಅಂಕಗಳ ಸರಾಸರಿ ಐದಕ್ಕೆ 4.26. ಎಲ್ಲರ ಮುಖವನ್ನೂ ಒಂದೇ ಬಗೆಯಾಗಿ ತೋರಿಸುವ ವಸ್ತುವನ್ನು ಕನ್ನಡಿಯೆನ್ನಲಾಗದು, ಅದು ಚಿತ್ರಪಟ. ಇಷ್ಟಾದರೂ ಒಬ್ಬನು ಎಲೆಯ ಚಿತ್ರವನ್ನು ನೋಡುತ್ತ ತನ್ನ ಮನಸ್ಸಿನ ಗಂಟನ್ನು ತಾನೇ ಬಿಡಿಸಿಕೊಂಡರೆ ಅದರಲ್ಲಿ ದೋಷವಿಲ್ಲವೆಂದು ನಾನು ಒಪ್ಪುತ್ತೇನೆ. ದೋಷವು ಹುಟ್ಟುವುದು ಎಲೆಯನ್ನು ಕೇಳಿ ಕೆಲಸವನ್ನು ಬಿಟ್ಟಾಗ, ಅಂಜಿದವನ ಅಂಜಿಕೆಗೆ ಇನ್ನೊಬ್ಬನು ಬೆಲೆ ಕಟ್ಟಿದಾಗ.

ವಿಧಿಯ ಹೆಸರಿನಲ್ಲಿ ಕೆಲಸವನ್ನು ಬಿಡುವವನ ವಾದ ಬಹು ಹಳೆಯದು. ಗ್ರೀಕರು ಅದಕ್ಕೆ ಸೋಮಾರಿಯ ವಾದವೆಂದೇ ಹೆಸರಿಟ್ಟಿದ್ದರು. ರೋಗ ವಾಸಿಯಾಗುವುದು ನಿನ್ನ ವಿಧಿಯಾಗಿದ್ದರೆ ವೈದ್ಯನನ್ನು ಕರೆದರೂ ವಾಸಿ, ಕರೆಯದಿದ್ದರೂ ವಾಸಿ. ಆಗದಿರುವುದು ವಿಧಿಯಾಗಿದ್ದರೆ ಕರೆದು ಫಲವಿಲ್ಲ. ಹೇಗಾದರೂ ವೈದ್ಯನು ವ್ಯರ್ಥ. ಇದಕ್ಕೆ ಕ್ರಿಸಿಪ್ಪಸ್ ಎಂಬ ತತ್ತ್ವಜ್ಞಾನಿ ಕೊಟ್ಟ ಉತ್ತರವನ್ನು ಸಿಸೆರೊ ಉಳಿಸಿಕೊಟ್ಟಿದ್ದಾನೆ: ವಾಸಿಯಾಗುವುದು ವಿಧಿಯಾಗಿದ್ದರೆ ವೈದ್ಯನನ್ನು ಕರೆಯುವುದೂ ಅದರ ಜೊತೆಯಲ್ಲಿಯೇ ವಿಧಿಯಾಗಿರಬಹುದಲ್ಲ! ನಮ್ಮ ಕಾಲದಲ್ಲಿ ಈ ಗಂಟನ್ನು ಮತ್ತೆ ಬಿಡಿಸಿದವನು ಆಕ್ಸ್‌ಫರ್ಡಿನ ಮೈಕೇಲ್ ಡಮ್ಮೆಟ್ (1925–2011). 1964ರ ಲೇಖನವೊಂದರಲ್ಲಿ ಆತನು ವಿಮಾನದಾಳಿಯ ಉದಾಹರಣೆಯನ್ನು ಕೊಡುತ್ತಾನೆ. ಸಾಯುವುದಾದರೆ ಎಚ್ಚರಿಕೆಯಿಂದ ಫಲವಿಲ್ಲ, ಬದುಕುವುದಾದರೆ ಎಚ್ಚರಿಕೆ ಬೇಕಿಲ್ಲ ಎಂದು ಬೀದಿಯಲ್ಲಿಯೇ ನಿಂತವನ ತರ್ಕದಲ್ಲಿ ತಪ್ಪು ಎಲ್ಲಿದೆ? ಬದುಕುವೆನೆಂಬುದು ನಿಜವಾದರೂ, ಆಶ್ರಯವನ್ನು ಹೊಕ್ಕುದರಿಂದಲೇ ಬದುಕಿದೆನೆಂಬುದೂ ನಿಜವಾಗಿರಬಹುದು. ಮುಂದಾಗುವುದು ನಿಜವೆಂಬುದರಿಂದ ಇಂದು ಮಾಡುವುದು ವ್ಯರ್ಥವೆಂಬುದು ಹೊರಡುವುದಿಲ್ಲ. ವಿಶೇಷವೆಂದರೆ ಈ ಡಮ್ಮೆಟ್ಟನೇ 1980ರಲ್ಲಿ ಟ್ಯಾರೋ ಆಟದ ಬೃಹತ್ ಚರಿತ್ರೆಯನ್ನು ಬರೆದು, ಇವು ಆಡುವುದಕ್ಕೆಂದು ಹುಟ್ಟಿದ ಎಲೆಗಳೆಂಬುದನ್ನು ಆಧಾರಸಹಿತವಾಗಿ ಸ್ಥಾಪಿಸಿದವನು.

ಶರಣರಿಗೆ ಈ ತರ್ಕದ ಸುತ್ತು ಬೇಕಿರಲಿಲ್ಲ. ಲಗ್ನ, ತಾರಾಬಲಗಳನ್ನು ಕೇಳಬಂದವರಿಗೆ ಎಲ್ಲವೂ ಶುಭವೆಂದೇ ಹೇಳಿಬಿಡಿ ಎಂಬುದು ಬಸವಣ್ಣನವರ ನಿಲುವು. ಮಾಡುವ ಕೆಲಸ ಸತ್ಯಶುದ್ಧವಾಗಿದ್ದರೆ ಹೊತ್ತು ತಾನಾಗಿ ಶುದ್ಧವಾಗುತ್ತದೆ ಎಂಬುದು ಅದರ ಹಿಂದಿರುವ ಧೈರ್ಯ. ಆದರೆ ಈ ಧೈರ್ಯವನ್ನು ಮಕ್ಕಳಿಗೆ ಬೋಧಿಸುವ ಮೊದಲು ಹಿರಿಯರಾದ ನಾವು ಒಂದು ಮಾತನ್ನು ಪ್ರಾಮಾಣಿಕವಾಗಿ ಕೇಳಿಕೊಳ್ಳಬೇಕಾಗಿದೆ. ಲಿಂಗವಂತರ ಎಷ್ಟು ಮನೆಗಳಲ್ಲಿ ಗೃಹಪ್ರವೇಶಕ್ಕೆ ಮುಹೂರ್ತ ನೋಡಿಸದೆ ಬಾಗಿಲು ತೆರೆಯುತ್ತಾರೆ? ಜಾತಕ ಕೂಡದೆಂದು ತಿರುಗಿಹೋದ ಸಂಬಂಧಗಳೆಷ್ಟು? ರಾಹುಕಾಲವನ್ನು ನೋಡಿ ಹೊಸ್ತಿಲು ದಾಟುವ ತಂದೆಯು ಮಗಳ ಮೊಬೈಲಿನಲ್ಲಿರುವ ಇಟಲಿಯ ಎಲೆಯನ್ನು ಕಂಡು ಮೂಢನಂಬಿಕೆಯೆಂದರೆ ಆಕೆ ನಗುವುದು ಸಹಜ. ಆ ಮಗಳು ಎಲೆಯ ಮುಂದಿಡುವ ಪ್ರಶ್ನೆ ಮಾತ್ರ ಸಣ್ಣದಲ್ಲ. ಈ ಕೆಲಸದಲ್ಲಿ ನಿಲ್ಲಲೇ, ಈ ಮನುಷ್ಯನನ್ನು ನಂಬಲೇ, ನಾನು ಏಕಾಕಿಯೇ ಎಂಬ ಪ್ರಶ್ನೆಗಳವು. ಅಪರಿಚಿತನಿಗೆ ಹಣ ತೆತ್ತು ಅವನ್ನು ಕೇಳುತ್ತಿದ್ದಾಳೆಂದರೆ ಮನೆಯಲ್ಲಿ ಕುಳಿತು ಕೇಳಿಸಿಕೊಳ್ಳುವವರು ದೊರೆಯಲಿಲ್ಲವೆಂದೇ ಅರ್ಥ. ಕಲ್ಯಾಣದ ಅನುಭವಗೋಷ್ಠಿಯಲ್ಲಿ ಒಬ್ಬರ ಸಂಶಯವನ್ನು ಎಲ್ಲರೂ ಕೂಡಿ ಬಿಡಿಸುತ್ತಿದ್ದರು. ನಮ್ಮ ಮಠಗಳ ಸೋಮವಾರದ ಗೋಷ್ಠಿಗಳಲ್ಲಿ ಇಂದು ವೇದಿಕೆಯ ಮೇಲಿನವರು ಮಾತನಾಡುತ್ತಾರೆ, ಕೆಳಗೆ ಕುಳಿತವರು ಕೇಳಿ ಎದ್ದುಹೋಗುತ್ತಾರೆ. ಅರ್ಧ ಗಂಟೆಯನ್ನಾದರೂ ಕೆಳಗೆ ಕುಳಿತ ತರುಣರ ಪ್ರಶ್ನೆಗಳಿಗೆ ಬಿಟ್ಟುಕೊಡುವುದು ಸಾಧ್ಯವೇ ಎಂಬುದನ್ನು ಮಠದ ಹಿರಿಯರೂ ಹಳೆಯ ವಿದ್ಯಾರ್ಥಿಗಳೂ ಆಲೋಚಿಸಬೇಕು.